ಯಮನೂರಪ್ಪನ ಗುಡ್ಡಗಳು

ಗುಡ್ಡ ಕಂಡರೆ ಸಾಕು, ಯಮನೂರಪ್ಪನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಗುತ್ತಿತ್ತು. ಫೋನು ತೆಗೆದು, ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ಸರ, ಇಲ್ಲಿ ಸಿಗಂಗಿಲ್ಲ. ಮ್ಯಾಲ ಹೋದ್ರ ಸಿಗತೈತಿ," ಅನ್ನುತ್ತಿದ್ದ. ಎಷ್ಟು ಮೇಲೆ ಅಂತ ಕೇಳುವ ಹಾಗಿರಲಿಲ್ಲ. ಇನ್ನೂ ಮೇಲೆ, ಅಷ್ಟೇ.

ಇದು ನಮ್ಮ ಕಡೆಯ ಮಾತಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಯಮನೂರಪ್ಪನ ಹಳ್ಳಿ ಬೇವೂರಿನಿಂದ ಒಳಗೆ. ಅಲ್ಲಿ ಮನೆಯೊಳಗೆ ಫೋನೆಂದರೆ ಬರೀ ಗಡಿಯಾರ. ಊರ ಹಿಂದಿನ ಬೋಳುಗುಡ್ಡ ಹತ್ತಿದರೆ ಮಾತ್ರ ಆ ಕಡೆಯವರ ದನಿ ಕೇಳಿಸುತ್ತದೆ. ಸಂಜೆಯಾದರೆ ಅರ್ಧ ಊರು ಆ ಬಂಡೆಗಳ ಮೇಲಿರುತ್ತದೆ. ಒಬ್ಬ ಗಂಗಾವತಿಯ ನಾಟಿ ಕೆಲಸದ ಮಾತಾಡುತ್ತಿದ್ದರೆ ಇನ್ನೊಬ್ಬಳು ತವರಿನವರ ಜೊತೆ ಜಗಳಕ್ಕೆ ನಿಂತಿರುತ್ತಾಳೆ. ಎಲ್ಲರ ಗುಟ್ಟೂ ಎಲ್ಲರಿಗೂ ಗೊತ್ತು. ಆದರೆ ನಾವಿಬ್ಬರೂ ಆಗ ಇದ್ದದ್ದು ಚೀನಾ ದೇಶದ ಚಿಂಗ್‌ಡಾವ್ ಎಂಬ ಊರಲ್ಲಿ. ಅಲ್ಲಿ ನೆಲಮಾಳಿಗೆಗೆ ಹೋದರೂ ನೆಟ್‌ವರ್ಕಿನ ಗೆರೆಗಳು ತುಂಬಿಯೇ ಇರುತ್ತಿದ್ದವು. ತೆರೆಯದೇ ಇದ್ದದ್ದು ನಮ್ಮ ವಾಟ್ಸಾಪು. ಆ ದೇಶದವರು ಅದಕ್ಕೆ ಬಾಗಿಲು ಹಾಕಿದ್ದಾರೆ, ಗುಡ್ಡ ಹತ್ತಿದರೂ ಅಷ್ಟೇ, ಬಾವಿಗಿಳಿದರೂ ಅಷ್ಟೇ ಅಂತ ನಾನು ಹೇಳಿ ಹೇಳಿ ಸೋತೆ.

"ಸರಕಾರದವ್ರು ರಸ್ತಾ ಬಂದ್ ಮಾಡಬಹುದ್ರಿ. ಗಾಳಿ ಹೆಂಗ ಬಂದ್ ಮಾಡ್ತಾರ?" ಅನ್ನುತ್ತಿದ್ದ. "ನೀವು ಓದಿದವ್ರು. ನಡ್ಯಾಕ ಬ್ಯಾಸರಾಗಿ ಏನರ ಒಂದು ಹೇಳ್ತೀರಿ."

ನಡೆಯಲು ಬೇಸರವಂತೂ ನಿಜವೇ.

ನಾವು ಅಲ್ಲಿಗೆ ಹೋದದ್ದು ಕೂದಲಿನ ಸಲುವಾಗಿ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಕೂದಲಿನ ಊರು. ದೇವರಿಗೆ ಕೊಟ್ಟ ಮುಡಿ, ಮನೆಮನೆಯ ಹೆಂಗಸರ ಬಾಚಣಿಗೆಯಲ್ಲಿ ಉಳಿದ ಸಿಕ್ಕು, ಎಲ್ಲ ಅಲ್ಲಿಗೆ ಬರುತ್ತದೆ. ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟಿದರೆ ಹಡಗು ಹತ್ತಿ ಹೋಗಿ ಯಾರದೋ ತಲೆಯ ಮೇಲೆ ಟೋಪನ್ ಆಗಿ ಕೂರುತ್ತದೆ. ಅಂಥದೊಂದು ಗೋದಾಮಿನಲ್ಲಿ ನಾನು ಲೆಕ್ಕ ಬರೆಯುವವನು, ಯಮನೂರಪ್ಪ ಕೂದಲು ವಿಂಗಡಿಸುವವನು. ನಮ್ಮ ಮಾಲಿನಲ್ಲಿ ಉದ್ದದ್ದು ಗಿಡ್ಡದ್ದು ಕಲಬೆರಕೆಯಾಗುತ್ತಿದೆ ಅಂತ ಚಿಂಗ್‌ಡಾವಿನ ಕಾರ್ಖಾನೆಯವರು ತಕರಾರು ತೆಗೆದರು. "ಅಲ್ಲೇ ಹೋಗಿ ಕುಂತು, ಅವರ ಕಣ್ಣೆದುರಿಗೇ ವಿಂಗಡಿಸಿ ಒಪ್ಪಿಸಿ ಬರ್ರಿ," ಅಂತ ನಮ್ಮ ಸಾಹುಕಾರರು ಇಬ್ಬರನ್ನೂ ಮೂರು ತಿಂಗಳಿಗೆ ಕಳಿಸಿದರು. ಯಮನೂರಪ್ಪನನ್ನು ಕೆಲಸಕ್ಕೆ, ನನ್ನನ್ನು ಇಂಗ್ಲಿಷ್ ಮಾತಾಡುವುದಕ್ಕೆ. ಅಲ್ಲಿ ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಅವನಿಗಾದರೂ ಕೆಲಸವಿತ್ತು.

ಗೋದಾಮು ಸೇರುವ ಮೊದಲು ಯಮನೂರಪ್ಪ ಸೈಕಲ್ಲಿನ ಮೇಲೆ ಊರೂರು ತಿರುಗಿದವನು. ಹಿಂದಿನ ಸೀಟಿಗೆ ಸ್ಟೀಲ್ ಡಬ್ಬಿ, ಮುಂದಿನ ಹ್ಯಾಂಡಲಿಗೆ ಪಿನ್ನು, ರಿಬ್ಬನ್ನು, ಬಲೂನು. ಸಿಕ್ಕುಗೂದಲು ಕೊಟ್ಟವರಿಗೆ ಇವು. ಕುಷ್ಟಗಿ, ಯಲಬುರ್ಗಾ ಕಡೆಯ ಓಣಿಗಳೆಲ್ಲ ಅವನಿಗೆ ಹೆಂಗಸರ ತಲೆಯ ಮೇಲಿಂದ ಗೊತ್ತು. ಎಂಥವಳ ಬೆನ್ನು ಕಂಡರೂ ಕಣ್ಣು ನೇರವಾಗಿ ಜಡೆಗೆ. ಭಾಗ್ಯನಗರದಲ್ಲಿ ಅದು ಕಸುಬು, ಯಾರೂ ಏನೂ ಅನ್ನುವುದಿಲ್ಲ. ಚಿಂಗ್‌ಡಾವಿನ ಬಸ್ಸಿನಲ್ಲಿ ಮುಂದೆ ನಿಂತ ಹುಡುಗಿಯ ಕೂದಲಿನ ತುದಿಯನ್ನು ಬಗ್ಗಿ ನೋಡುತ್ತ, "ಸರ, ಛಲೋ ಮಾಲು. ಆದ್ರ ಬಣ್ಣ ಹಾಕಿ ಹಾಳ ಮಾಡ್ಯಾಳ," ಅಂತ ಗಟ್ಟಿಯಾಗಿ ಮರುಗಿದಾಗ ನನ್ನ ಜೀವ ಬಾಯಿಗೆ ಬಂತು. ಕನ್ನಡದಲ್ಲಿ ಅಂದದ್ದಕ್ಕೆ ಬದುಕಿದೆವು.

ಭಾನುವಾರ ರಜೆ. ಆ ದಿನ ಕಾರ್ಖಾನೆಯ ಖೋಲಿಯಲ್ಲಿ ಮಲಗಿ ನಿದ್ದೆ ಮಾಡೋಣವೆಂದರೆ ಅವನು ಬಿಡುತ್ತಿರಲಿಲ್ಲ. ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಟವೆಲ್ಲು ಹೆಗಲಿಗೆ ಹಾಕಿ, "ಏಳ್ರಿ, ಊರು ನೋಡಾಕ ಹೋಗೂಣು" ಅನ್ನುತ್ತಿದ್ದ. ಊರು ನೋಡುವುದು ನೆಪ. ಅವನಿಗೆ ಗುಡ್ಡ ಬೇಕಿತ್ತು. ಗುಡ್ಡಗಳಿಗೆ ಅಲ್ಲಿ ಬರವಿಲ್ಲ. ಊರೇ ಗುಡ್ಡಗಳ ಮೇಲೆ ಕೂತಿದೆ. ಕೆಂಪು ಹಂಚಿನ ಮನೆಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ನಿಂತಿವೆ, ನಡುವೆ ಕಲ್ಲಿನ ಮೆಟ್ಟಿಲಿನ ಸಂದಿಗಳು, ಎಲ್ಲಿ ತಿರುಗಿದರೂ ಕೊನೆಗೊಂದು ತುಂಡು ಸಮುದ್ರ. ಅಲ್ಲಿಯ ಮಂದಿ ಬೀರನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿಕೊಂಡು ನಮ್ಮಲ್ಲಿ ಎಣ್ಣೆ ಒಯ್ಯುವ ಹಾಗೆ ಮನೆಗೆ ಒಯ್ಯುತ್ತಾರೆ. ವಯಸ್ಸಾದ ಹೆಂಗಸರು ಬಿಸಿಲಿಗೆ ಮುಖ ಕಪ್ಪಾದೀತೆಂದು ಕಣ್ಣಿಗಷ್ಟೇ ತೂತಿರುವ ಬಣ್ಣದ ಮುಸುಕು ಹಾಕಿಕೊಂಡು ಸಮುದ್ರಕ್ಕೆ ಇಳಿಯುತ್ತಾರೆ. ಯಮನೂರಪ್ಪ ಮೊದಲ ಸಲ ಅವರನ್ನು ಕಂಡಾಗ ಕೈಮುಗಿದ. ಯಾವುದೋ ಹರಕೆ ಅಂದುಕೊಂಡಿದ್ದನಂತೆ.

ದಾರಿ ತಪ್ಪಿದರೆ ಅವನ ಹತ್ತಿರ ಒಂದು ಉಪಾಯವಿತ್ತು. "ನೀರು ಹರದ ಕಡೆ ಹೋದ್ರ ಹಳ್ಳ ಸಿಗತೈತಿ, ಹಳ್ಳ ಹಿಡದ್ರ ಊರು ಸಿಗತೈತಿ." ಬೇವೂರಿನ ಎರೆ ಹೊಲಗಳಲ್ಲಿ ಇದು ತಪ್ಪುವ ಮಾತಲ್ಲ. ಚಿಂಗ್‌ಡಾವಿನಲ್ಲಿ ಇಳಿಜಾರು ಹಿಡಿದು ಹೋದಾಗಲೆಲ್ಲ ನಾವು ಸಮುದ್ರದ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಬಸ್ಸು ನಿಲ್ಲುವ ಜಾಗ ಗುಡ್ಡದ ಇನ್ನೊಂದು ಮಗ್ಗುಲಿಗೆ ಇರುತ್ತಿತ್ತು. ಒಮ್ಮೆ ಮಂಜು ಇಳಿದು ಏನೂ ಕಾಣದ ದಿನ ದಂಡೆಯ ಕಟ್ಟೆಯ ಮೇಲೆ ಕುಸಿದು ಕೂತು, "ಕೆಳಗ ಹೋದ್ರ ಸಮುದ್ರ, ಮ್ಯಾಲ ಹೋದ್ರ ಮಂಜು. ಮನಿ ಎಲ್ಲಿ ಐತ್ರಿ ಮತ್ತ?" ಅಂದ. ನಾನು ನಕ್ಕೆ. ಅವನೂ ನಕ್ಕ.

ಅವನಿಗೆ ಇಷ್ಟೆಲ್ಲ ಗುಡ್ಡ ಬೇಕಾದದ್ದು ಮಗಳು ಅನ್ನಪೂರ್ಣಳ ಸಲುವಾಗಿ. ಪಿಯುಸಿ ಪಾಸಾಗಿದ್ದಳು. ಕೊಪ್ಪಳದಲ್ಲಿ ನರ್ಸಿಂಗ್ ಓದುವ ಮನಸ್ಸು. ಯಮನೂರಪ್ಪ ಚೀನಾಕ್ಕೆ ಹೂಂ ಅಂದದ್ದೇ ಅವಳ ಓದಿಗೆ ಅನುಕೂಲವಾದೀತು ಅಂತ. ಪ್ರತಿ ಶನಿವಾರ ಕಾರ್ಖಾನೆಯ ಆಫೀಸಿನಿಂದ ಊರಿಗೆ ಒಂದು ಫೋನು ಮಾಡಿಕೊಡುತ್ತಿದ್ದರು. ಅದು ಹೋಗುತ್ತಿದ್ದದ್ದು ಅವನ ಅಣ್ಣನಿಗೆ. ಅಣ್ಣ ಹೊತ್ತು ನೋಡಿ ಗುಡ್ಡ ಹತ್ತಿ ಕಾಯುತ್ತಿದ್ದ. ಮಳೆ, ಬೆಳೆ, ಅವ್ವನ ಕೆಮ್ಮು, ಮುಗಿಯಿತು. ಮಗಳ ಮುಖ ನೋಡಬೇಕೆಂದರೆ ವಾಟ್ಸಾಪೇ ಆಗಬೇಕು. ಹೆಂಡತಿಯ ಹತ್ತಿರವಿದ್ದ ದೊಡ್ಡ ಫೋನನ್ನು ಅನ್ನಪೂರ್ಣ ಭಾನುವಾರ ಬೋಳುಗುಡ್ಡದ ಮೇಲೆ ಒಯ್ದು ಕೂರುತ್ತಾಳೆ ಅಂತ ಅವನಿಗೆ ಗೊತ್ತಿತ್ತು.

ಒಂದು ಭಾನುವಾರ ಸಿಕ್ಕೇಬಿಟ್ಟಳು. ಹಳೇ ಊರಿನ ನಡುವೆ ಒಂದು ಗುಡ್ಡವಿದೆ, ಅದರ ತಲೆಯ ಮೇಲೆ ಮೂರು ಕೆಂಪು ಗುಮ್ಮಟಗಳು. ಕೆಳಗಿನಿಂದ ಅದನ್ನು ನೋಡಿದ್ದೇ, "ಟವರ್ ಅಂದ್ರ ಅದು ನೋಡ್ರಿ!" ಅಂತ ಮೆಟ್ಟಿಲು ಹಿಡಿದ. ನಾನು ಏದುಸಿರು ಬಿಡುತ್ತ ಮೇಲೆ ಹೋಗುವಷ್ಟರಲ್ಲಿ ಅವನ ಫೋನಿನಿಂದ "ಎಪ್ಪಾ!" ಅಂತ ದನಿ ಬರುತ್ತಿತ್ತು. ಅಸಲು ಸಂಗತಿ ಬೇರೆ. ಅಲ್ಲೊಂದು ಚಹದ ಹೋಟೆಲ್ಲು. ಹೊರದೇಶದ ಗಿರಾಕಿಗಳ ಸಲುವಾಗಿ ಅದರ ಯಜಮಾನ ವೈಫೈಗೆ ಏನೋ ಅಡ್ಡದಾರಿ ಮಾಡಿ ಇಟ್ಟಿದ್ದ. ಅವನ ಮಗಳೇ ಯಮನೂರಪ್ಪನ ಪರದಾಟ ನೋಡಿ ಫೋನು ಇಸಿದುಕೊಂಡು ಜೋಡಿಸಿಕೊಟ್ಟಿದ್ದಳು. ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. "ಅದೇನರ ಇರಲ್ರಿ, ಮ್ಯಾಲ ಬಂದ ಮ್ಯಾಲೇ ಸಿಕ್ತಲ್ಲ," ಅಂದ.

ಅನ್ನಪೂರ್ಣ ಸಮುದ್ರ ತೋರಿಸು ಅಂದಳು. ಅವನು ಫೋನನ್ನು ಅಂಗೈ ಮೇಲೆ ಹಣತೆಯ ಹಾಗೆ ಇಟ್ಟುಕೊಂಡು ಸುತ್ತಲೂ ತಿರುಗಿದ. ಆ ಕಡೆ ಬೋಳುಗುಡ್ಡದ ಮೇಲೆ ಅವಳ ಗೆಳತಿಯರೂ ಸೇರಿ "ಹೋ" ಅಂತ ಕೂಗಿದರು. "ಅರ್ಜಿ ಕರದಾರ ಎಪ್ಪಾ. ನೀ ಬಂದ ಮ್ಯಾಲ ಕೂಡೇ ಹೋಗೂಣು," ಅಂದಳು. "ಹೂಂನವಾ. ನಾ ಬರ್ತೀನಿ. ನೀ ತಯಾರಾಗು," ಅಂದ. ಆ ದಿನ ಬಸ್ಸಿನಲ್ಲಿ ಅವನು ಯಾರ ಜಡೆಯನ್ನೂ ನೋಡಲಿಲ್ಲ. ಕಿಟಕಿಗೆ ತಲೆ ಆನಿಸಿ ಸಣ್ಣಗೆ ನಗುತ್ತಾ ಕೂತಿದ್ದ. ಅವನನ್ನು ಅಷ್ಟು ಸುಖವಾಗಿ ನಾನು ಮತ್ತೆ ನೋಡಲಿಲ್ಲ.

ಮುಂದಿನ ಶನಿವಾರ ಅಣ್ಣನ ಮಾತೇ ಬೇರೆ ಇತ್ತು. ಆಫೀಸಿನ ಫೋನಿನ ದನಿ ದೊಡ್ಡದು, ನನಗೂ ಕೇಳುತ್ತಿತ್ತು. "ಅವ್ವ ಹಾಸಿಗಿ ಹಿಡದಾಳ, ತಮ್ಮಾ. ಉಳಿಯೂದು ಸುಳ್ಳು ಅಂದಾರ ಡಾಕ್ಟರು. ಕಣ್ಣು ಮುಚ್ಚೂದ್ರೊಳಗ ಮಮ್ಮಗಳ ತಲಿ ಮ್ಯಾಲ ಅಕ್ಕಿಕಾಳು ಬೀಳೂದು ನೋಡ್ತೀನಿ ಅಂತ ಹಟ ಹಿಡದಾಳ. ಹುಡುಗ ಮಂದ್ಯಾಗಿನಾಂವೇನಲ್ಲ, ನಿನ್ನ ಹೆಂಡ್ತಿ ತಮ್ಮ, ಕನಕಗಿರ್ಯಾಂವ. ಬರೂ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಮುಹೂರ್ತ ಐತಿ."

ಯಮನೂರಪ್ಪ ಎದ್ದು ನಿಂತ. "ಅಣ್ಣಾ, ಕೈ ಮುಗೀತೀನಿ. ನಾ ಬರೂತನಕ ನಿಲ್ಲಸು. ಆಕಿ ಸಾಲಿಗೆ ಹೋಗಾಕಿ ಅದಾಳ. ನಾ ಮಾತು ಕೊಟ್ಟೀನಿ. ಆಕಿ ಕೈಯಾಗ ಫೋನರ ಕೊಡು."

"ಆತು, ನೋಡೂಣು," ಅಂದ ಅಣ್ಣ. ನಮ್ಮ ಕಡೆ ನೋಡೂಣು ಅಂದರೆ ಮಾತು ಮುಗಿಯಿತು ಅಂತ ಅರ್ಥ. ಇಬ್ಬರಿಗೂ ಗೊತ್ತಿತ್ತು.

ರಜೆ ಕೇಳಲು ಹೋದೆವು. ವಿಂಗಡಣೆಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ನಾನು ಫೋನಿನಲ್ಲಿ ಇಂಗ್ಲಿಷ್ ಬರೆದರೆ ಅದು ಚೀನೀ ಭಾಷೆಗೆ ತಿರುಗುತ್ತಿತ್ತು, ಹಾಗೆ ನಮ್ಮ ವ್ಯವಹಾರ. ಈತನ ಮಗಳ ಮದುವೆ, ನಿಲ್ಲಿಸಲು ಊರಿಗೆ ಹೋಗಬೇಕು ಅಂತ ಬರೆದೆ. ಅವಳು ಓದುತ್ತ ಮದುವೆ ಅನ್ನುವಲ್ಲಿಗೆ ಬಂದಿದ್ದೇ ಚಪ್ಪಾಳೆ ತಟ್ಟಿದಳು. ಒಳಗಿನ ಹೆಂಗಸರನ್ನೆಲ್ಲ ಕರೆದಳು. ಅವರು ಯಮನೂರಪ್ಪನ ಎರಡೂ ಕೈ ಹಿಡಿದು ಕುಲುಕಿದರು, ಕಿಸೆಗೆ ಶೇಂಗಾ ಮಿಠಾಯಿ ತುಂಬಿದರು. "ಇವ್ರೇನಂದ್ರು ಸರ? ಕಳಸ್ತಾರಂತೇನು?" ಅಂತ ಅವನು ಆಸೆಯಿಂದ ನನ್ನ ಮುಖ ನೋಡಿದ. ನಾನು ಮತ್ತೆ ಬರೆದು ತೋರಿಸಿದೆ: ನಿಲ್ಲಿಸಬೇಕು, ನಿಲ್ಲಿಸಬೇಕು. ಆಗ ಅವಳ ಮುಖ ಸಣ್ಣದಾಯಿತು. ತಿಕೀಟು ನಿಮ್ಮ ಸಾಹುಕಾರರ ಕೈಯಲ್ಲಿದೆ, ಅವರನ್ನು ಕೇಳಿ ಅಂದಳು. ಸಾಹುಕಾರರು ಮಾಲು ಅರ್ಧಕ್ಕೆ ನಿಂತರೆ ಪೂರ್ತಿ ವಾಪಸ್ ಬರುತ್ತದೆ ಅಂದರು. "ಮನಿ ಮಂದಿ ಕೂಡಿ ಒಂದು ಶುಭಕಾರ್ಯ ಮಾಡಾಕತ್ತಾರ. ಇದಕ್ಕ ಇವ ಯಾಕ ಅಳ್ತಾನ?" ಅಂತ ನನ್ನನ್ನೇ ಕೇಳಿದರು.

ಆ ಒಂದು ವಾರ ಅವನು ಕೆಲಸ ಮುಗಿಸಿದವನೇ ಬಸ್ಸು ಹತ್ತುತ್ತಿದ್ದ. ನಾನೂ ಹಿಂದೆಯೇ. ಕೆಂಪು ಗುಮ್ಮಟದ ಗುಡ್ಡ ಹತ್ತಿ, ಹೋಟೆಲಿನವನಿಗೆ ಕೈಮುಗಿದು ಫೋನು ಹಚ್ಚುತ್ತಿದ್ದ. ರಿಂಗೂ ಆಗುತ್ತಿರಲಿಲ್ಲ. ದೊಡ್ಡ ಫೋನು ಈಗ ಬೋಳುಗುಡ್ಡಕ್ಕೆ ಬರುತ್ತಿಲ್ಲ, ಮನೆಯಲ್ಲೇ ಇಟ್ಟುಕೊಂಡಿದ್ದಾರೆ, ಅವಳ ಕೈಗೆ ಕೊಡುತ್ತಿಲ್ಲ ಅಂತ ನನಗೆ ಅರ್ಥವಾಗಿತ್ತು. ಹೇಳಲಿಲ್ಲ. ಅವನಿಗೂ ಅರ್ಥವಾಗಿರಬೇಕು. ಆದರೂ, "ಈ ಗುಡ್ಡ ಸಾಲವಲ್ದು ಸರ. ಅಕಾ, ಅದು ಇದಕ್ಕಿಂತ ಎತ್ತರ ಕಾಣ್ತೈತಿ," ಅಂತ ಇನ್ನೊಂದಕ್ಕೆ ಕೈ ತೋರಿಸುತ್ತಿದ್ದ. ಆ ಊರಿನ ಯಾವ ಗುಡ್ಡವನ್ನೂ ಬಿಡಲಿಲ್ಲ ನಾವು. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಕಟ್ಟೆಗಳ ಮೇಲೆ ನಿಂತು ಅವನು ಆಕಾಶಕ್ಕೆ ಫೋನು ಹಿಡಿಯುತ್ತಿದ್ದ. ಕೆಳಗೆ ಕೆಂಪು ಹಂಚು, ಆಚೆ ನೀಲಿ ನೀರು, ಅಷ್ಟು ಚಂದದ ಊರು. ಅದರ ಚಂದ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಅವನ ಮೇಲೆ, ನನ್ನ ಮೇಲೆ, ಕೊನೆಗೆ ಹಾಸಿಗೆ ಹಿಡಿದ ಆ ಮುದುಕಿಯ ಮೇಲೂ.

ಮದುವೆಯ ಹಿಂದಿನ ಶನಿವಾರ ಅಣ್ಣ ಹೊಸ ಸುದ್ದಿ ಕೊಟ್ಟ. "ಬೇವೂರಿಂದ ವೈರು ಎಳಸಿ ಚಪ್ಪರದಾಗ ವೈಫೈ ಡಬ್ಬಿ ಇಡಸೀನಿ ತಮ್ಮಾ. ಮುಹೂರ್ತದ ಹೊತ್ತಿಗೆ ನೀ ಸಿಗೂ ಜಾಗಾದಾಗ ನಿಂದರು. ಅಲ್ಲಿಂದನ ಅಕ್ಕಿಕಾಳು ಹಾಕಿದ್ರ ಅವ್ವಗ ಸಮಾಧಾನ." ಯಮನೂರಪ್ಪ ಫೋನು ಇಟ್ಟ. ಸೋಮವಾರ ಮೇಲ್ವಿಚಾರಕಿ ಮದುವೆಗೆಂದು ಇಬ್ಬರಿಗೂ ಅರ್ಧ ದಿನ ರಜೆ ಕೊಟ್ಟಳು. ನಿಲ್ಲಿಸಲು ಸಿಗದ ರಜೆ ನೋಡಲು ಸಿಕ್ಕಿತು. ಅವನು ನಮ್ಮ ಖೋಲಿಯ ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದು, ಅಡುಗೆಯ ಅರಿಶಿನ ಕಲಸಿ, ಕರವಸ್ತ್ರದಲ್ಲಿ ಕಟ್ಟಿಕೊಂಡ. ಒಪ್ಪಿಕೊಂಡುಬಿಟ್ಟ ಅಂತ ನಾನು ತಿಳಿದೆ.

ಆ ದಿನ ಕೆಂಪು ಗುಮ್ಮಟದ ಗುಡ್ಡದ ಮೇಲೆ ಮಂಜಿರಲಿಲ್ಲ. ಫೋನು ತಾನಾಗಿಯೇ ಬಂತು. ಅಷ್ಟು ದಿನ ಒಂದು ಅಕ್ಷರವನ್ನೂ ದಾಟಿಸದ ನೆಟ್‌ವರ್ಕು ಆವತ್ತು ತಿಳಿನೀರಿನ ಹಾಗಿತ್ತು. ಚಪ್ಪರದ ಹಸಿ ಎಲೆಗಳು ಕಂಡವು. ಮಂಚದ ಮೇಲೆ ದಿಂಬಿಗೆ ಒರಗಿದ ಮುದುಕಿ ಕಂಡಳು. ಬಾಸಿಂಗ ಕಟ್ಟಿದ ಅನ್ನಪೂರ್ಣ ಕಂಡಳು. ಮದುಮಗಳು ತಲೆ ತಗ್ಗಿಸಿ ಕೂರುವುದು ವಾಡಿಕೆ. ಅವಳು ತಗ್ಗಿಸಿರಲಿಲ್ಲ. ನೇರವಾಗಿ ಫೋನನ್ನೇ ನೋಡುತ್ತಿದ್ದಳು.

"ಯಮನೂರ, ಬಂದೇನಪಾ?" ಅಂದಳು ಮುದುಕಿ, ಏದುಸಿರಿನಲ್ಲಿ. "ಹಾಕಪಾ ಅಕ್ಕಿಕಾಳು. ಕಣ್ತುಂಬ ನೋಡಿ ಹೋಗ್ತೀನಿ."

ವಾಲಗ ಏರಿತು. ಆ ಕಡೆ ಅಕ್ಕಿ ಬಿತ್ತು. ಯಮನೂರಪ್ಪ ಕರವಸ್ತ್ರ ಬಿಚ್ಚಿ ಅಕ್ಕಿಯನ್ನು ಹಿಡಿಯಲ್ಲಿ ತೆಗೆದುಕೊಂಡ. ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು. "ಒಗಿ, ತಮ್ಮಾ, ಒಗಿ," ಅಂತ ಅಣ್ಣ ಕೂಗಿದ. ಅವನ ತುಟಿ ಅಲುಗಿತು. ದನಿ ಬರಲಿಲ್ಲ. ಅನ್ನಪೂರ್ಣ ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಹಾಕದೆ. ಎಷ್ಟು ಹೊತ್ತೋ. ಆಮೇಲೆ ಯಾರೋ ಫೋನನ್ನು ಬೇರೆ ಕಡೆ ತಿರುಗಿಸಿದರು. ಬುಂದಿಯ ಬುಟ್ಟಿ ಕಂಡಿತು, ಕುಣಿಯುವ ಹುಡುಗರು ಕಂಡರು, ಕಟ್ಟಾಯಿತು.

ಅವನು ಮುಷ್ಟಿ ಬಿಚ್ಚಲಿಲ್ಲ. ಅಕ್ಕಿಯನ್ನು ಹಾಗೆಯೇ ಕಿಸೆಗೆ ಹಾಕಿಕೊಂಡ. "ಒಗೀಲಿಲ್ಲ ನೋಡ್ರಿ ಸರ," ಅಂದ ನನಗೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ. "ನಾ ಅಂತೂ ಒಗೀಲಿಲ್ಲ." ಬಸ್ಸಿನವರೆಗೂ ಅದನ್ನೇ ಅಂದ.

ಅವಧಿ ಮುಗಿಯಿತು. ಹೊರಡುವ ಮೂರು ದಿನ ಮೊದಲು, ಇನ್ನೂ ಮೂರು ತಿಂಗಳು ಇರುತ್ತೇನೆಂದು ಅವನೇ ಸಾಹುಕಾರರಿಗೆ ಹೇಳಿಸಿದ. ಅವರಿಗೆ ಬೇಕಾದದ್ದೂ ಅದೇ, ಕಾಗದ ಪತ್ರ ಮಾಡಿಸಿದರು. ನನ್ನ ಬಸ್ಸಿನವರೆಗೆ ಬಂದು, ಮಗಳಿಗೆಂದು ಒಂದು ಶಾಲು, ಒಂದು ಪೊಟ್ಟಣ ಮಿಠಾಯಿ ಕೊಟ್ಟ. "ನೀವ ಕೈಯಾರೆ ಕೊಡ್ರಿ ಸರ. ನಾ ಆಕಿ ಮುಖ ಹೆಂಗ ನೋಡ್ಲಿ? ಸ್ವಲ್ಪ ದಿನ ಹೋಗಲಿ." ಬಸ್ಸು ಗುಡ್ಡ ಸುತ್ತಿ ಇಳಿಯುವಾಗ ಹಿಂದಿನ ಗಾಜಿನಲ್ಲಿ ಅವನ ಟವೆಲ್ಲು ಸ್ವಲ್ಪ ಹೊತ್ತು ಕಂಡಿತು. ಅವನನ್ನು ನಾನು ಕಡೆಯ ಸಲ ನೋಡಿದ್ದು ಹಾಗೆ.

ಊರಿಗೆ ಬಂದು ಕೇಳಿದರೆ ಮುದುಕಿ ಎದ್ದು ಕೂತಿದ್ದಳು. ರೊಟ್ಟಿ ಮುರಿದು ತಿನ್ನುತ್ತಿದ್ದಳಂತೆ. ಒಳ್ಳೆಯದೇ. ಆದರೆ ಕೇಳಿ ನನಗೆ ಒಳ್ಳೆಯದೆನಿಸಲಿಲ್ಲ.

ಕನಕಗಿರಿಗೆ ಸಂತೆಯ ದಿನ ಹೋದೆ. ಅನ್ನಪೂರ್ಣಳ ಗಂಡನದು ಹಿಟ್ಟಿನ ಗಿರಣಿ. ಅವನು ಗಿರಾಕಿಗಳ ಗದ್ದಲದಲ್ಲಿದ್ದ. ಅವಳು ಒಳಗೆ ಕರೆದು, ಚಾಪೆ ಹಾಸಿ, ಚಹಾ ಕೊಟ್ಟಳು. ಶಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚು ಸವರಿದಳು.

"ಕಾಕಾ, ಆವತ್ತು ಎಪ್ಪನ ಬಾಜೂಕ ನೀವು ಇದ್ರೇನ್ರಿ?"

"ಇದ್ದೆನವಾ. ನಿಮ್ಮಪ್ಪ ಅಕ್ಕಿಕಾಳು ಒಗೀಲಿಲ್ಲ. ಆತಗ ಎಳ್ಳಷ್ಟೂ ಮನಸ್ಸಿರಲಿಲ್ಲ," ಅಂದೆ. ಅವನ ಪರವಾಗಿ ಇಷ್ಟಾದರೂ ಹೇಳಲು ಸಿಕ್ಕಿತಲ್ಲ ಅಂತ ನನಗೆ ಸಮಾಧಾನವಿತ್ತು.

"ಅದು ನನಗ ಕಾಣಾಕತ್ತಿತ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮಪ್ಪ ಒಪ್ಯಾನ ಅಂತ ದೊಡ್ಡಪ್ಪ ಹೇಳಿದ್ದ. ನಾ ನಂಬಿರಲಿಲ್ಲ. ಫೋನು ಹಚ್ತಾರಂತ ಗೊತ್ತಾದ ಮ್ಯಾಲ ಸುಮ್ಕ ಅರಿಶಿಣ ಹಚ್ಚಿಸಿಕೊಂಡೆ. ಎಪ್ಪ ಬರ್ತಾನ, ಬಂದು ಹೇಳ್ತಾನ ಅಂತ. ಬ್ಯಾಡ ಅಂತ ಒಂದ ಮಾತು ಅಂದಿದ್ರ ಎದ್ದು ಬಿಡ್ತಿದ್ದೆ, ಕಾಕಾ. ಎಪ್ಪನ ಮಾತಿನ ಮ್ಯಾಲ ಎದ್ರ ಯಾರೂ ನನಗೇನೂ ಅನ್ನಂಗಿರಲಿಲ್ಲ. ದನಿ ಎಷ್ಟು ಛಲೋ ಬರಾಕತ್ತಿತ್ತು ಆವತ್ತು."

ಗಂಡ ಹೊರಗಿನಿಂದ ಕರೆದ. ಅವಳು ಶಾಲನ್ನು ಮಡಿಸಿಟ್ಟು, ಬಟ್ಟಲು ತೆಗೆದುಕೊಂಡು ಎದ್ದಳು.

ಯಮನೂರಪ್ಪನ ಮೂರು ತಿಂಗಳು ಮುಗಿದು ಇನ್ನೊಂದು ಮೂರು ತಿಂಗಳಾಯಿತು. ಅವನಿನ್ನೂ ಬಂದಿಲ್ಲ. ಕೆಲವು ಭಾನುವಾರ ನನಗೆ ಫೋನು ಮಾಡುತ್ತಾನೆ. ಸಾಹುಕಾರರು, ಮಾಲು, ಅಲ್ಲಿಯ ಚಳಿ ಎಲ್ಲ ಆದ ಮೇಲೆ, ಕೇಳಬಾರದ್ದನ್ನು ಕೇಳುವವನ ಹಾಗೆ, "ಕೂಸು ಏನರ ಅಂತೇನ್ರಿ ಸರ, ಶಾಲು ಕೊಟ್ಟಾಗ?" ಅನ್ನುತ್ತಾನೆ. ಹೇಳಿದರೆ ಎಲ್ಲ ಬಿಟ್ಟು ಓಡಿ ಬಂದಾನು ಅನ್ನಿಸುತ್ತದೆ. ಹೇಳಿದರೆ ಎಂದೆಂದಿಗೂ ಬರಲಿಕ್ಕಿಲ್ಲ ಅಂತಲೂ ಅನ್ನಿಸುತ್ತದೆ. "ಏನಿಲ್ರಿ ಯಮನೂರಪ್ಪ. ಆರಾಮ ಅದಾಳ. ಶಾಲು ಭಾಳ ಸೇರ್ತು ಅಂದ್ಲು," ಅನ್ನುತ್ತೇನೆ. ಅವನು ಆ ಕಡೆ ಫೋನು ಇಡದೆ ಕಾಯುತ್ತಾನೆ, ನಾನು ಇನ್ನೂ ಏನೋ ಹೇಳುತ್ತೇನೆಂದು. ನನಗೆ ಬಾಯಿ ಬರುವುದಿಲ್ಲ.